ಸೋರುವ ಫಿಲ್ಟರು: ದುರಸ್ತಿಯೋ, ಬದಲಾವಣೆಯೋ?

ನಮ್ಮ ಹಿರಿಯರು ಈಜು ಕಲಿತದ್ದು ಊರ ಕೆರೆಯಲ್ಲಿ, ಹೊಳೆಯ ಮಡುವಿನಲ್ಲಿ, ತೋಟದ ಬಾವಿಯಲ್ಲಿ. ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಹುಡುಗನನ್ನು ನೀರಿಗೆ ದೂಡಿದರೆ ಗುರುವಿನ ಕೆಲಸ ಮುಗಿಯಿತು. ಉಳಿದುದನ್ನು ನೀರೇ ಕಲಿಸುತ್ತಿತ್ತು. ಹರಿಯುವ ಹೊಳೆ ತನ್ನ ಕೊಳೆಯನ್ನು ತಾನೇ ಹೊತ್ತು ಸಾಗುತ್ತಿತ್ತು. ಅದಕ್ಕೆ ಪಂಪು ಬೇಕಿರಲಿಲ್ಲ, ಕ್ಲೋರಿನ್ ಬೇಕಿರಲಿಲ್ಲ, ಸಂಘದ ಸಭೆಯಂತೂ ಬೇಕಿರಲೇ ಇಲ್ಲ.

ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನೆಲಸಿರುವ ನಮ್ಮವರ ಮಕ್ಕಳಲ್ಲಿ ಅನೇಕರು ಈಗ ಈಜು ಕಲಿಯುವುದು ವಸತಿ ಸಂಘದ ಕೊಳದಲ್ಲಿ. ಅದು ನಿಂತ ನೀರು. ಬೆಳಗ್ಗೆ ಮಕ್ಕಳು, ಮಧ್ಯಾಹ್ನ ಗೃಹಿಣಿಯರು, ಸಂಜೆ ಕಚೇರಿಯಿಂದ ಬಂದವರು, ಎಲ್ಲರೂ ಇಳಿಯುವುದು ಅದೇ ನೀರಿಗೆ. ಮೈಬೆವರು, ಎಣ್ಣೆ, ಕೂದಲು, ಗಾಳಿಯ ಧೂಳು, ಮರದೆಲೆ, ಎಲ್ಲವೂ ಬಂದು ಸೇರುವುದು ಅಲ್ಲಿಗೇ. ಆದರೂ ಮರುದಿನ ಬೆಳಗ್ಗೆ ತಳದ ಹಂಚು ನಿಚ್ಚಳವಾಗಿ ಕಾಣುತ್ತದೆ. ಈ ಪವಾಡವನ್ನು ಮಾಡುವುದು ಕೊಳದ ಹಿಂಬದಿಯ ಸಣ್ಣ ಕೋಣೆಯೊಂದರಲ್ಲಿ ಯಾರ ಕಣ್ಣಿಗೂ ಬೀಳದೆ ನಿಂತಿರುವ ಒಂದು ಪೀಪಾಯಿ. ಅದೇ ಫಿಲ್ಟರು.

ಈ ಪೀಪಾಯಿಯ ನೆನಪು ಸಂಘಕ್ಕೆ ಬರುವುದು ಅದು ಸೋರತೊಡಗಿದಾಗ ಮಾತ್ರ. ಕೊಳಕ್ಕೆ ಬೀಗ ಬೀಳುತ್ತದೆ, ಫಲಕದ ಮೇಲೆ ಚೀಟಿ ಏರುತ್ತದೆ, ಸಭೆ ಸೇರುತ್ತದೆ. ಸಭೆಯಲ್ಲಿ ಎರಡು ಪಕ್ಷ. “ಏನಾದರೂ ಮೆತ್ತಿ ಮುಗಿಸಿರಿ, ಹಣವೆಲ್ಲಿದೆ?” ಎಂಬುದು ಒಂದು. “ಹಳೆಯದು, ಕಿತ್ತೆಸೆದು ಹೊಸದನ್ನು ತನ್ನಿರಿ” ಎಂಬುದು ಇನ್ನೊಂದು. ಎರಡು ಪಕ್ಷದವರೂ ಒಂದು ಪ್ರಶ್ನೆಯನ್ನು ಮರೆತಿರುತ್ತಾರೆ: ಸೋರುತ್ತಿರುವುದು ಎಲ್ಲಿಂದ? ಈ ಪ್ರಶ್ನೆಗೆ ಉತ್ತರ ದೊರೆಯುವ ಮೊದಲು ಕೈಗೊಂಡ ನಿರ್ಣಯ ಯಾವುದೇ ಆಗಲಿ, ಅದು ಕತ್ತಲಲ್ಲಿ ಎಸೆದ ಕಲ್ಲು. ಅಂಥ ಸಭೆಯಲ್ಲಿ ಕುಳಿತುಕೊಳ್ಳಬೇಕಾದ ವಾಚಕರಿಗಾಗಿ ಈ ನಾಲ್ಕು ಮಾತು.

ಮರಳಿನ ಮಹಿಮೆ

ನಮ್ಮ ಕೊಳಗಳಲ್ಲಿ ಹೆಚ್ಚಾಗಿ ಇರುವುದು ಮರಳಿನ ಫಿಲ್ಟರು. ಮರಳಿನಿಂದ ನೀರು ಸೋಸುವ ವಿದ್ಯೆ ಹೊಸದಲ್ಲ. ೧೮೨೯ರಲ್ಲಿ ಜೇಮ್ಸ್ ಸಿಂಪ್ಸನ್ ಎಂಬ ಇಂಜಿನಿಯರು ಲಂಡನ್ನಿನ ಚೆಲ್ಸಿಯ ಜಲಸಂಸ್ಥೆಗಾಗಿ ಥೇಮ್ಸ್ ನದಿಯ ನೀರನ್ನು ಮರಳ ಹಾಸಿನ ಮೂಲಕ ಹಾಯಿಸಿದನು. ಅದರ ಬೆಲೆ ಲೋಕಕ್ಕೆ ಚೆನ್ನಾಗಿ ಮನದಟ್ಟಾದದ್ದು ೧೮೯೨ರಲ್ಲಿ. ಆ ವರ್ಷ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕಾಲರಾ ಹಬ್ಬಿ ೮,೦೦೦ಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಅಂಟಿಕೊಂಡೇ ಇದ್ದ ಆಲ್ಟೋನಾ ಪಟ್ಟಣದಲ್ಲಿ ಸಾವು ಬಹು ಕಡಿಮೆ. ಎರಡೂ ಊರಿನವರು ಕುಡಿಯುತ್ತಿದ್ದುದು ಎಲ್ಬ್ ನದಿಯ ನೀರನ್ನೇ. ಅದರಲ್ಲಿಯೂ ಆಲ್ಟೋನಾದವರ ಪಾಲಿಗೆ ಬರುತ್ತಿದ್ದುದು ಹ್ಯಾಂಬರ್ಗಿನ ಚರಂಡಿ ಬೆರೆತ ನೀರು. ಆದರೆ ಆಲ್ಟೋನಾ ತನ್ನ ನೀರನ್ನು ಮರಳಿನಲ್ಲಿ ಸೋಸುತ್ತಿತ್ತು, ಹ್ಯಾಂಬರ್ಗ್ ಸೋಸುತ್ತಿರಲಿಲ್ಲ. ಇಷ್ಟೇ ವ್ಯತ್ಯಾಸ.

ನಮ್ಮ ಬೆಂಗಳೂರಿಗೆ ಹೆಸರಘಟ್ಟದ ನೀರು ಕೊಳವೆಯಲ್ಲಿ ಹರಿದು ಬಂದುದು ೧೮೯೬ರಲ್ಲಿ. ಮಲ್ಲೇಶ್ವರದ ಹಳಬರ ಬಾಯಲ್ಲಿ ಉಳಿದಿರುವ ‘ಜ್ಯುವೆಲ್ ಫಿಲ್ಟರ್ಸ್’ ಎಂಬ ಹೆಸರಿನ ಹಿಂದೆ ಇರುವುದೂ ಮರಳೇ. ಜ್ಯುವೆಲ್ ಎಂಬುದು ವೇಗದ ಮರಳ ಫಿಲ್ಟರಿನ ಒಂದು ಬಗೆ.

ಆಲ್ಟೋನಾದ ಹಾಸಿನಲ್ಲಿ ನೀರು ಬಲು ನಿಧಾನವಾಗಿ ಇಳಿಯುತ್ತಿತ್ತು. ಮರಳಿನ ಮೇಲೆ ಬೆಳೆದ ಸಜೀವ ಪದರವೇ ರೋಗಾಣುಗಳನ್ನು ಹಿಡಿಯುತ್ತಿತ್ತು. ನಮ್ಮ ಕೊಳದ ಪೀಪಾಯಿಯಲ್ಲಿ ಪಂಪು ನೀರನ್ನು ರಭಸದಿಂದ ತಳ್ಳುತ್ತದೆ. ಆದಕಾರಣ ಅದು ಕೊಳೆಯನ್ನು ಹಿಡಿಯಬಲ್ಲುದೇ ಹೊರತು ರೋಗಾಣುಗಳನ್ನು ಕೊಲ್ಲಲಾರದು; ಆ ಕೆಲಸ ಕ್ಲೋರಿನ್ನಿನದು. ಆದರೆ ನೀರು ಕದಡಿದ್ದರೆ ಕ್ಲೋರಿನ್ನಿನ ಬಲ ಕೊಳೆಯ ಮೇಲೆಯೇ ವ್ಯಯವಾಗಿ, ರೋಗಾಣುಗಳಿಗೆ ಮರೆ ಸಿಕ್ಕಂತಾಗುತ್ತದೆ. ಇವೆರಡೂ ಅತ್ತೆ ಸೊಸೆಯರಂತೆ: ಒಬ್ಬರು ಕೈಬಿಟ್ಟರೆ ಇನ್ನೊಬ್ಬರ ಅಡಿಗೆ ಕೆಡುತ್ತದೆ. ಫಿಲ್ಟರು ಕೆಟ್ಟ ಕೊಳವೆಂದರೆ ಬರಿಯ ಕೊಳಕು ಕೊಳವಲ್ಲ. ಮಕ್ಕಳ ಕಣ್ಣು, ಕಿವಿ, ಹೊಟ್ಟೆಗಳಿಗೆ ಅಪಾಯದ ಕೊಳ.

ಪೀಪಾಯಿಯ ಒಳರಚನೆ ಸರಳವಾಗಿದೆ. ಗಾಜಿನ ನಾರಿನಿಂದ ಮಾಡಿದ ತೊಟ್ಟಿ. ಅದರೊಳಗೆ ಸುಮಾರು ಅರ್ಧ ಮಿಲಿಮೀಟರು ಗಾತ್ರದ ಸಿಲಿಕಾ ಮರಳು. ಮೇಲಿನಿಂದ ನೀರು ಬಂದು, ಮರಳಿನಲ್ಲಿ ಇಳಿದು, ತಳದಲ್ಲಿ ಚಕ್ರದ ಅರಗಳಂತೆ ಹರಡಿರುವ ಸೀಳುಗಂಡಿಗಳ ಕೊಳವೆಗಳಿಗೆ ನುಗ್ಗಿ, ನಡುವಿನ ನಿಲುಗೊಳವೆಯ ಮೂಲಕ ಹೊರಟು ಮತ್ತೆ ಕೊಳವನ್ನು ಸೇರುತ್ತದೆ. ತೊಟ್ಟಿಯ ನೆತ್ತಿಯ ಮೇಲೆ ಅಥವಾ ಪಕ್ಕದಲ್ಲಿ ಹಿಡಿಕೆಯುಳ್ಳ ಒಂದು ವಾಲ್ವು ಇರುತ್ತದೆ. ಅದಕ್ಕೆ ಸಾಮಾನ್ಯವಾಗಿ ಆರು ಸ್ಥಾನ: ಫಿಲ್ಟರ್, ಬ್ಯಾಕ್‌ವಾಶ್, ರಿನ್ಸ್, ವೇಸ್ಟ್, ರೀಸರ್ಕ್ಯುಲೇಟ್, ಕ್ಲೋಸ್ಡ್. ಹಿಡಿಕೆ ತಿರುಗಿದಂತೆ ನೀರಿನ ದಾರಿ ಬದಲಾಗುತ್ತದೆ. ಒಳಗೆ ಈ ದಾರಿಗಳನ್ನು ಒಂದರಿಂದೊಂದು ಬೇರ್ಪಡಿಸುವುದು ಬಂಡಿಚಕ್ರದ ಆಕಾರದ ಒಂದು ರಬ್ಬರು. ಅದಕ್ಕೆ ಸ್ಪೈಡರ್ ಗ್ಯಾಸ್ಕೆಟ್ ಎಂದು ಹೆಸರು. ಈ ಬಡಪಾಯಿ ರಬ್ಬರನ್ನು ನೆನಪಿನಲ್ಲಿಡಿ. ಮುಂದೆ ಅದರ ಕಥೆ ಬರುತ್ತದೆ.

ಸೋರಿಕೆಯ ಪತ್ತೆ

ಮೊದಲು ತಿಳಿಯಬೇಕಾದುದು ಕೊಳದ ನೀರು ನಿಜವಾಗಿಯೂ ಸೋರಿಹೋಗುತ್ತಿದೆಯೋ, ಬಿಸಿಲಿಗೆ ಆವಿಯಾಗುತ್ತಿದೆಯೋ ಎಂಬುದು. ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರಿನ ತನಕ ನೀರು ಆವಿಯಾಗಿ ಹೋದರೆ ಆಶ್ಚರ್ಯವಿಲ್ಲ. ಇದಕ್ಕೊಂದು ಸುಲಭ ಪರೀಕ್ಷೆಯುಂಟು. ಒಂದು ಬಕೆಟ್ಟಿನಲ್ಲಿ ಕೊಳದ ನೀರನ್ನೇ ತುಂಬಿ, ಕೊಳದ ಮೊದಲ ಮೆಟ್ಟಿಲ ಮೇಲೆ ಅಲುಗದಂತೆ ಇಡಿ. ಬಕೆಟ್ಟಿನೊಳಗಿನ ನೀರಿನ ಮಟ್ಟಕ್ಕೆ ಒಳಗೊಂದು ಗೆರೆ, ಕೊಳದ ಮಟ್ಟಕ್ಕೆ ಹೊರಗೊಂದು ಗೆರೆ ಎಳೆಯಿರಿ. ೨೪ ಗಂಟೆಯ ಕಾಲ ಯಾರೂ ಇಳಿಯದಿರಲಿ. ಬಿಸಿಲು ಎರಡಕ್ಕೂ ಒಂದೇ. ಆದುದರಿಂದ ಕೊಳದ ಮಟ್ಟ ಬಕೆಟ್ಟಿನ ಮಟ್ಟಕ್ಕಿಂತ ಹೆಚ್ಚು ಇಳಿದಿದ್ದರೆ ಆ ಹೆಚ್ಚಳವೇ ಸೋರಿಕೆ.

ಈ ಪರೀಕ್ಷೆಯನ್ನು ಒಂದು ದಿನ ಪಂಪು ನಡೆಸಿ, ಇನ್ನೊಂದು ದಿನ ನಿಲ್ಲಿಸಿ ಮಾಡಬೇಕು. ಪಂಪು ನಡೆಯುವಾಗ ಸೋರಿಕೆ ಹೆಚ್ಚಾದರೆ ಫಿಲ್ಟರನ್ನೂ ಅಲ್ಲಿಂದ ಕೊಳಕ್ಕೆ ಮರಳುವ ಕೊಳವೆಯನ್ನೂ ಶಂಕಿಸತಕ್ಕದ್ದು. ಎರಡು ದಿನವೂ ಒಂದೇ ಸಮನಾಗಿ ಇಳಿದಿದ್ದರೆ ಕೊಳದ ಗೋಡೆ, ದೀಪದ ಗೂಡು, ಕೊಳವೆಯ ಸಂದುಗಳನ್ನು ನೋಡಬೇಕು. ಹಾಗಿದ್ದಲ್ಲಿ ಹೊಸ ಫಿಲ್ಟರು ತಂದರೂ ನೀರು ನಿಲ್ಲದು. ಹೊಟ್ಟೆನೋವಿಗೆ ಕಾಲಿಗೆ ಪಟ್ಟಿ ಕಟ್ಟಿದ ಹಾಗಾದೀತು.

ಲೆಕ್ಕವೂ ಸ್ವಲ್ಪ ತಿಳಿದಿರಲಿ. ೧೦ ಮೀಟರು ಉದ್ದ, ೫ ಮೀಟರು ಅಗಲದ ಕೊಳದಲ್ಲಿ ಮಟ್ಟ ಒಂದು ಸೆಂಟಿಮೀಟರು ಇಳಿದರೆ ಹೋದ ನೀರು ೫೦೦ ಲೀಟರು. ಸೆಕೆಂಡಿಗೊಂದು ಹನಿ ತೊಟ್ಟಿಕ್ಕಿದರೆ ದಿನಕ್ಕೆ ಸುಮಾರು ೪ ಲೀಟರು. ಅದಕ್ಕಾಗಿ ಕೊಳ ಮುಚ್ಚಬೇಕಾಗಿಲ್ಲ. ಆದರೆ ಒಂದು ಲೀಟರಿನ ಬಾಟಲಿಯನ್ನು ಒಂದು ನಿಮಿಷದಲ್ಲಿ ತುಂಬಿಸುವಷ್ಟು ಸಣ್ಣ ಧಾರೆ ಎಡೆಬಿಡದೆ ಹರಿದರೆ ದಿನಕ್ಕೆ ೧,೪೪೦ ಲೀಟರು. ಹನಿಗೂ ಧಾರೆಗೂ ಇರುವ ಅಂತರವನ್ನು ಕಣ್ಣು ಅಳೆಯಲಾರದು, ಬಾಟಲಿ ಅಳೆಯುತ್ತದೆ.

ದೋಷ ಫಿಲ್ಟರಿನದೇ ಎಂದು ಗೊತ್ತಾದ ಮೇಲೆ ಕೋಣೆಗೆ ಹೋಗಿರಿ. ತೊಟ್ಟಿಯನ್ನೂ ವಾಲ್ವನ್ನೂ ಬಟ್ಟೆಯಿಂದ ಒರೆಸಿ ಒಣಗಿಸಿ, ಪಂಪನ್ನು ನಡೆಸಿ, ಒಣ ಕಾಗದದ ತುಂಡನ್ನು ಒಂದೊಂದು ಸಂದಿಗೂ ಒತ್ತಿ ನೋಡಿ. ನೀರು ಕೆಳಗೆ ತೊಟ್ಟಿಕ್ಕುವ ಸ್ಥಳ ಬೇರೆ, ಹುಟ್ಟುವ ಸ್ಥಳ ಬೇರೆ. ಮೇಲಿನಿಂದ ಕೆಳಕ್ಕೆ ಹುಡುಕುತ್ತ ಬಂದರೆ ಹುಟ್ಟಿದ ಜಾಗ ಸಿಕ್ಕುತ್ತದೆ.

ಸರಿಪಡಿಸಬಹುದಾದವು

ಸೋರುವ ಜಾಗಗಳಲ್ಲಿ ಹೆಚ್ಚಿನವು ಸಣ್ಣವೇ. ಒತ್ತಡ ತೋರಿಸುವ ಗಡಿಯಾರದಂಥ ಮಾಪಕದ ತಿರುಪು, ಕೊಳವೆ ವಾಲ್ವಿಗೆ ಸೇರುವ ಯೂನಿಯನ್ನು, ನೀರಿನ ಬಣ್ಣ ನೋಡುವ ಗಾಜಿನ ಕಿಂಡಿ, ಹಿಡಿಕೆಯ ಕಂಬಿ, ವಾಲ್ವಿನ ಮುಚ್ಚಳ, ವಾಲ್ವು ತೊಟ್ಟಿಗೆ ಕೂಡುವ ಕೊರಳು, ತಳದ ಬಿರಡೆ. ಇವುಗಳಲ್ಲಿ ಹೆಚ್ಚಿನ ಕಡೆ ನೀರನ್ನು ತಡೆಯುವುದು ಒಂದು ರಬ್ಬರ್ ಬಳೆ, ಓ ರಿಂಗ್. ಕ್ಲೋರಿನ್ನಿನಲ್ಲಿ ನೆನೆದು, ಬೇಸಿಗೆಯಲ್ಲಿ ಬೆಂದು, ನಾಲ್ಕಾರು ವರ್ಷಗಳಲ್ಲಿ ಅದು ಗಡುಸಾಗಿ ಬಿರಿಯುತ್ತದೆ. ಬಳೆ ಬದಲಾಯಿಸಿದರೆ ಸೋರಿಕೆ ನಿಂತೀತು. ಮಾಪಕದ ತಿರುಪಿಗೆ ಟೆಫ್ಲಾನ್ ಪಟ್ಟಿ ಸುತ್ತಿದರೆ ಸಾಕು. ಬಳೆಗೆ ಹಚ್ಚತಕ್ಕದ್ದು ಸಿಲಿಕೋನ್ ಗ್ರೀಸು. ಮನೆಯಲ್ಲಿರುವ ಪೆಟ್ರೋಲಿಯಂ ಜೆಲ್ಲಿಯಲ್ಲ. ಕೆಲವು ಜಾತಿಯ ರಬ್ಬರು ಅದರಿಂದ ಉಬ್ಬಿ ಕೆಡುತ್ತದೆ. ನೀರು ಬರುತ್ತಿದೆಯೆಂದು ಪ್ಲಾಸ್ಟಿಕ್ಕಿನ ತಿರುಪನ್ನು ಬಲವಂತದಿಂದ ಬಿಗಿಯುವುದೂ ಸಲ್ಲದು. ಬಳೆಯ ರೋಗಕ್ಕೆ ಮುಚ್ಚಳ ಸೀಳಿದಂತಾಗುತ್ತದೆ.

ಇನ್ನೊಂದು ಸೋರಿಕೆಯುಂಟು, ಅದು ಕೋಣೆಯಲ್ಲಿ ಕಾಣುವುದೇ ಇಲ್ಲ. ನೆಲ ಒಣಗಿದೆ, ತೊಟ್ಟಿ ಒಣಗಿದೆ, ಆದರೂ ಕೊಳ ಇಳಿಯುತ್ತಿದೆ. ಪುಣೆಯ ಒಂದು ವಸತಿ ಸಂಘದಲ್ಲಿ ಹೀಗೆಯೇ ಆಯಿತು. ಅವರ ಕೊಳ ಮೇಲೆ ಹೇಳಿದ ಅಳತೆಯದೇ. ದಿನಕ್ಕೆ ೪ ಸೆಂಟಿಮೀಟರು, ಎಂದರೆ ೨,೦೦೦ ಲೀಟರು ಇಳಿಯುತ್ತಿತ್ತು. ಐದು ದಿನಕ್ಕೊಮ್ಮೆ ೧೦,೦೦೦ ಲೀಟರಿನ ಟ್ಯಾಂಕರು ಬಂದು ತುಂಬಿಸಿ ಹೋಗುತ್ತಿತ್ತು. ಗುತ್ತಿಗೆದಾರರು ಬಂದು, “ತೊಟ್ಟಿ ಹಳೆಯದಾಗಿದೆ, ತೊಟ್ಟಿ, ವಾಲ್ವು, ಪಂಪು ಎಲ್ಲವನ್ನೂ ಬದಲಾಯಿಸಬೇಕು” ಎಂದು ದರಪಟ್ಟಿ ಕೊಟ್ಟರು. ಸಭೆ ಒಪ್ಪುವುದರಲ್ಲಿತ್ತು. ಆಗ ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಿವೃತ್ತ ಅಧ್ಯಾಪಕಿಯೊಬ್ಬರು ಎದ್ದು, “ಆ ಹಿಡಿಕೆಯನ್ನು ದಿನವೂ ತಿರುಗಿಸುವವನು ಯಾರು? ಅವನನ್ನು ಕರೆಯಿಸಿ ಕೇಳಿದಿರಾ?” ಎಂದರು. ಯಾರೂ ಕೇಳಿರಲಿಲ್ಲ.

ಕೊಳ ನೋಡಿಕೊಳ್ಳುವ ಹುಡುಗನನ್ನು ಕರೆಸಿದರು. ಬಾಗಿಲ ಬಳಿಯೇ ನಿಂತು ಅವನು ಹೇಳಿದ್ದು ಇಷ್ಟೆ: “ಹಿಂದಿನ ಮೋರಿಗೆ ಬೀಳುವ ಕೊಳವೆ ಒಣಗುವುದೇ ಇಲ್ಲ ಸಾಹೇಬರೆ. ಅಲ್ಲಿಯ ಬಾಳೆಗಿಡ ಮಾತ್ರ ಬೇಸಿಗೆಯಲ್ಲಿಯೂ ಹಸುರಾಗಿದೆ.” ಹೋಗಿ ನೋಡಿದರೆ ಹಿಡಿಕೆ ‘ಫಿಲ್ಟರ್’ ಸ್ಥಾನದಲ್ಲಿದ್ದರೂ, ಮೋರಿಗೆ ಹೋಗುವ ಕೊಳವೆಯಲ್ಲಿ ನೀರು ಜುಳುಜುಳನೆ ಹರಿಯುತ್ತಿತ್ತು. ವಾಲ್ವು ಬಿಚ್ಚಿದಾಗ ಸ್ಪೈಡರ್ ಗ್ಯಾಸ್ಕೆಟ್ಟಿನ ಒಂದು ಅರ ಹರಿದು ಸುರುಳಿಯಾಗಿತ್ತು. ಹೊಸ ಗ್ಯಾಸ್ಕೆಟ್ಟಿಗೆ ಆದ ವೆಚ್ಚ ಒಂದು ಟ್ಯಾಂಕರಿಗೆ ಕೊಡುತ್ತಿದ್ದ ಹಣಕ್ಕಿಂತ ಕಡಿಮೆ. ನೆಗಡಿಯೆಂದು ಮೂಗು ಕೊಯ್ದುಕೊಳ್ಳಲು ಹೊರಟಿದ್ದ ಸಂಘ ಮೂಗನ್ನೂ ಹಣವನ್ನೂ ಉಳಿಸಿಕೊಂಡಿತು.

ಗ್ಯಾಸ್ಕೆಟ್ಟು ಹರಿದದ್ದೇಕೆ? ಪಂಪು ನಡೆಯುತ್ತಿರುವಾಗಲೇ ಹಿಡಿಕೆ ತಿರುಗಿಸುವುದು ಆ ಕೋಣೆಯ ಹಳೆಯ ರೂಢಿ. ಹಾಗೆ ಮಾಡಿದರೆ ನೀರಿನ ರಭಸ ರಬ್ಬರನ್ನು ಅದರ ಗಾಡಿಯಿಂದ ಎಬ್ಬಿಸಿ ಹರಿಯುತ್ತದೆ. ಹಿಡಿಕೆಯನ್ನು ಮುಟ್ಟುವ ಮೊದಲು ಪಂಪು ನಿಲ್ಲಲೇಬೇಕು. ಈ ಒಂದು ವಾಕ್ಯವನ್ನು ದೊಡ್ಡ ಅಕ್ಷರಗಳಲ್ಲಿ, ಕೆಲಸದವನಿಗೆ ಬರುವ ಭಾಷೆಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಹಲವು ದುರಸ್ತಿಗಳು ಬೇಕಾಗುವುದಿಲ್ಲ.

ವಾಲ್ವನ್ನು ಬಿಚ್ಚುವ ಕ್ರಮ ಹೀಗಿದೆ. ಪಂಪು ನಿಲ್ಲಿಸಿ, ಅದರ ವಿದ್ಯುತ್ತನ್ನು ಮೂಲದಲ್ಲಿಯೇ ಕಡಿಯಬೇಕು. ಕೊಳದಿಂದ ಬರುವ, ಕೊಳಕ್ಕೆ ಹೋಗುವ ವಾಲ್ವುಗಳನ್ನು ಮುಚ್ಚಬೇಕು. ಇಲ್ಲವಾದರೆ ಕೊಳವು ಎತ್ತರದಲ್ಲಿರುವ ಕಡೆ ನೀರೆಲ್ಲ ಕೋಣೆಗೆ ನುಗ್ಗೀತು. ಗಾಳಿ ಬಿಡುವ ತಿರುಪನ್ನು ಸಡಿಲಿಸಿ ಮಾಪಕದ ಮುಳ್ಳು ಸೊನ್ನೆಗೆ ಬರುವ ತನಕ ಕಾಯಬೇಕು. ಮುಚ್ಚಳಕ್ಕೂ ಒಡಲಿಗೂ ಸೇರಿಸಿ ಪೆನ್ಸಿಲ್ಲಿನಿಂದ ಒಂದು ಗೆರೆ ಎಳೆದರೆ ಮತ್ತೆ ಕೂಡಿಸುವಾಗ ತಪ್ಪಾಗದು. ಮುಚ್ಚಳದ ಕೆಳಗೆ ಬಲವಾದ ಸ್ಪ್ರಿಂಗು ಇರುತ್ತದೆ. ತಿರುಪುಗಳನ್ನು ಎದುರುಬದುರಾಗಿ, ಸ್ವಲ್ಪಸ್ವಲ್ಪವೇ ಸಡಿಲಿಸತಕ್ಕದ್ದು. ಹಳೆಯ ಗ್ಯಾಸ್ಕೆಟ್ಟನ್ನು ಕಿತ್ತು, ಗಾಡಿಯಲ್ಲಿ ಮರಳ ಕಣವೊಂದೂ ಉಳಿಯದಂತೆ ತೊಳೆದು ಒಣಗಿಸಿ, ಹೊಸದನ್ನು ಸಮನಾಗಿ ಒತ್ತಿ ಕೂರಿಸಬೇಕು. ಅದೇ ವಾಲ್ವಿನ ಅದೇ ಅಳತೆಯ ಗ್ಯಾಸ್ಕೆಟ್ಟೇ ಆಗಬೇಕು. ಒಂದರದು ಇನ್ನೊಂದಕ್ಕೆ ಹೊಂದದು.

ಕೊಳದ ತಳದಲ್ಲಿ ಮರಳು ಕಂಡರೆ

ಕೊಳಕ್ಕೆ ನೀರು ಮರಳಿ ಬೀಳುವ ಬಾಯಿಯ ಕೆಳಗೆ ಮರಳಿನ ಸಣ್ಣ ಗುಪ್ಪೆ ಕಾಣಿಸಿದರೆ, ತೊಟ್ಟಿಯೊಳಗಿನ ಅರಗೊಳವೆ ಅಥವಾ ನಿಲುಗೊಳವೆ ಮುರಿದಿದೆಯೆಂದು ತಿಳಿಯಬೇಕು. ಹೊಸದಾಗಿ ಮರಳು ತುಂಬಿದ ಮೊದಲೆರಡು ದಿನ ಸ್ವಲ್ಪ ನುಣ್ಣನೆಯ ಹುಡಿ ಬರುವುದುಂಟು, ಅದು ಬೇರೆ. ದಿನವೂ ಬರುತ್ತಿದ್ದರೆ ಮಾತ್ರ ತೊಟ್ಟಿಯನ್ನು ಬರಿದು ಮಾಡುವುದು ಅನಿವಾರ್ಯ.

ಇದು ಬೆವರಿನ ಕೆಲಸ. ೬೦ ಸೆಂಟಿಮೀಟರು ವ್ಯಾಸದ ತೊಟ್ಟಿಯಲ್ಲಿ ಸುಮಾರು ೧೫೦ ಕಿಲೋ ಮರಳಿರುತ್ತದೆ. ತೆಗೆಯುವಾಗ ಸಲಿಕೆಯ ಏಟು ಒಳಗಿನ ಕೊಳವೆಗಳಿಗೆ ತಗಲಬಾರದು. ಮುರಿದ ಅರವನ್ನು ಬದಲಾಯಿಸಿದ ಮೇಲೆ ನಿಲುಗೊಳವೆಯ ಬಾಯಿಗೆ ಬಟ್ಟೆ ಕಟ್ಟಿ, ತೊಟ್ಟಿಯಲ್ಲಿ ಅರ್ಧದಷ್ಟು ನೀರು ತುಂಬಿಸಿ, ಆಮೇಲೆ ಮರಳನ್ನು ಮೆಲ್ಲಗೆ ಸುರಿಯಬೇಕು. ನೀರು ಹಾಸಿಗೆಯಂತೆ ಮರಳಿನ ಭಾರವನ್ನು ತಡೆಯುತ್ತದೆ. ಕಟ್ಟಡದ ಮರಳಾಗಲಿ ಸಮುದ್ರದ ಮರಳಾಗಲಿ ಆಗದು. ಜರಡಿ ಹಿಡಿದು ಒಂದೇ ಗಾತ್ರಕ್ಕೆ ತಂದ ಸಿಲಿಕಾ ಮರಳೇ ಬೇಕು. ಹೇಗೂ ಐದಾರು ವರ್ಷಕ್ಕೊಮ್ಮೆ ಮರಳನ್ನು ಬದಲಾಯಿಸುವ ರೂಢಿಯುಂಟು. ಆ ಕಾಲ ಹತ್ತಿರ ಬಂದಿದ್ದರೆ ಎರಡು ಕೆಲಸವನ್ನೂ ಒಟ್ಟಿಗೆ ಮುಗಿಸಬಹುದು.

ಸರಿಪಡಿಸಬಾರದಾದುದು

ಇಷ್ಟು ಹೊತ್ತು ಉಳಿತಾಯದ ಪಕ್ಷ ವಹಿಸಿದೆವು. ಆದರೆ ಒಂದು ಸೋರಿಕೆಯಲ್ಲಿ ಉಳಿತಾಯ ಕೂಡದು. ಅದು ತೊಟ್ಟಿಯ ಒಡಲೇ ಬಿರಿದಾಗ.

ಒಡಲಿನಲ್ಲಿ ಕೂದಲೆಳೆಯ ಬಿರುಕಿನಿಂದ ನೀರು ಬೆವರುತ್ತಿದ್ದರೆ ನೋಡಲು ಅದು ಎಲ್ಲಕ್ಕಿಂತ ಚಿಕ್ಕ ಸೋರಿಕೆ. ಎಪಾಕ್ಸಿ ಮೆತ್ತಿದರೆ ನಿಂತುಹೋದಂತೆಯೂ ತೋರೀತು. ಆದರೆ ಒಳಗೆ ಏನಿದೆಯೆಂಬುದನ್ನು ಲೆಕ್ಕ ಹಾಕಿ ನೋಡಿರಿ. ಮಾಪಕ ಒಂದು ಚದರ ಸೆಂಟಿಮೀಟರಿಗೆ ಒಂದೂವರೆ ಕಿಲೋ ಒತ್ತಡ ತೋರಿಸುತ್ತಿದೆ ಎನ್ನೋಣ, ಇದೇನೂ ಹೆಚ್ಚಲ್ಲ. ೨೦ ಸೆಂಟಿಮೀಟರು ವ್ಯಾಸದ ಮುಚ್ಚಳದ ವಿಸ್ತೀರ್ಣ ೩೧೪ ಚದರ ಸೆಂಟಿಮೀಟರು. ಎಂದ ಮೇಲೆ ಅದನ್ನು ಒಳಗಿನಿಂದ ನೂಕುತ್ತಿರುವ ಬಲ ೪೭೧ ಕಿಲೋ. ೬೦ ಸೆಂಟಿಮೀಟರು ವ್ಯಾಸದ ತೊಟ್ಟಿಯ ಮೇಲರ್ಧವನ್ನು ಕೆಳಗಿನರ್ಧದಿಂದ ಕೀಳಲು ಯತ್ನಿಸುವ ಬಲ ೪,೨೦೦ ಕಿಲೋಗೂ ಮಿಕ್ಕುತ್ತದೆ. ಒಂದು ಆನೆಯ ತೂಕ ಒಳಗಿನಿಂದ ತಳ್ಳುತ್ತಿದೆಯೆಂದರೆ ತಪ್ಪಾಗದು. ಮೆತ್ತಿದ ಅಂಟು ಆ ಆನೆಯನ್ನು ಎಷ್ಟು ದಿನ ಕಟ್ಟಿಹಾಕೀತು?

ತೊಟ್ಟಿಯೊಳಗೆ ಗಾಳಿ ಸೇರಿದ್ದರೆ ಅಪಾಯ ಇಮ್ಮಡಿ. ನೀರನ್ನು ಒತ್ತಿದರೆ ಅದು ಕುಗ್ಗುವುದು ಇಲ್ಲವೆಂಬಷ್ಟು ಕಡಿಮೆ. ಸೀಳಿದ ಕೂಡಲೆ ಅದರ ಆಟ ಮುಗಿಯುತ್ತದೆ. ಗಾಳಿ ಸ್ಪ್ರಿಂಗಿನಂತೆ ಕುಗ್ಗಿ ಕುಳಿತಿದ್ದು, ದಾರಿ ಸಿಕ್ಕಿದೊಡನೆ ಮುಚ್ಚಳವನ್ನು ಗುಂಡಿನಂತೆ ಹಾರಿಸಬಲ್ಲುದು. ದುರಸ್ತಿಯಾದ ಮೇಲೆ ಪಂಪನ್ನು ಮೊದಲ ಬಾರಿ ಹಚ್ಚುವಾಗ ಗಾಳಿಯ ತಿರುಪನ್ನು ತೆರೆದಿಟ್ಟು, ಅಲ್ಲಿಂದ ಬರಿಯ ನೀರು ಬರುವ ತನಕ ತೊಟ್ಟಿಯಿಂದ ದೂರ ನಿಲ್ಲಬೇಕೆಂದು ತಯಾರಕರು ಎಚ್ಚರಿಸುವುದು ಇದಕ್ಕಾಗಿಯೇ. ಆ ಕೋಣೆಯಲ್ಲಿ ತೊಟ್ಟಿಯ ಪಕ್ಕದಲ್ಲಿ ನಿಲ್ಲುವವರು ಸಂಘದ ಪದಾಧಿಕಾರಿಗಳಲ್ಲ, ಹಿಡಿಕೆ ತಿರುಗಿಸುವ ಆ ಹುಡುಗ ಎಂಬುದನ್ನು ಮತ ಹಾಕುವಾಗ ಮರೆಯಬಾರದು.

ಆದಕಾರಣ ಸೂತ್ರ ಇದು: ರಬ್ಬರು ಹೋದರೆ ರಬ್ಬರು ಬದಲಾಯಿಸಿ, ವಾಲ್ವಿನ ಒಡಲು ಸೀಳಿದರೆ ವಾಲ್ವು ಬದಲಾಯಿಸಿ, ತೊಟ್ಟಿಯ ಒಡಲು ಬಿರಿದರೆ, ಉಬ್ಬಿದರೆ, ಕೊರಳು ಸೀಳಿದರೆ, ತೊಟ್ಟಿಯನ್ನೇ ಬದಲಾಯಿಸಿ. ಬಿರಿದ ತೊಟ್ಟಿಗೆ ತೇಪೆಯಿಲ್ಲ.

ಹೊಸದನ್ನು ಕೊಳ್ಳುವಾಗ

ಹೊಸ ತೊಟ್ಟಿಯ ಗಾತ್ರವನ್ನು ಹಳೆಯದರ ಗಾತ್ರ ನೋಡಿ ನಿಶ್ಚಯಿಸಬಾರದು, ಹಳೆಯದೇ ಚಿಕ್ಕದಾಗಿದ್ದಿರಬಹುದು. ಲೆಕ್ಕ ಕಠಿಣವಲ್ಲ. ಮೇಲಿನ ಕೊಳಕ್ಕೆ ಸರಾಸರಿ ಆಳ ೧.೪ ಮೀಟರು ಎಂದರೆ ನೀರು ೭೦ ಘನ ಮೀಟರು, ಎಂದರೆ ೭೦,೦೦೦ ಲೀಟರು. ಇಷ್ಟು ನೀರು ೬ ಗಂಟೆಯಲ್ಲಿ ಒಮ್ಮೆ ಫಿಲ್ಟರಿನ ಮೂಲಕ ಹಾಯಬೇಕಾದರೆ ಗಂಟೆಗೆ ಸುಮಾರು ೧೨ ಘನ ಮೀಟರು. ಮರಳಿನ ಒಂದು ಚದರ ಮೀಟರಿನ ಮೇಲೆ ಗಂಟೆಗೆ ೩೦ ಘನ ಮೀಟರು ಹಾಯಿಸುವುದಾದರೆ ೦.೪ ಚದರ ಮೀಟರು ಮರಳ ಮೈ ಬೇಕು. ಅದಕ್ಕೆ ತೊಟ್ಟಿಯ ವ್ಯಾಸ ೭೦ ಸೆಂಟಿಮೀಟರಿಗೆ ಕಡಿಮೆಯಾಗಬಾರದು. ರಜೆಯ ದಿನಗಳಲ್ಲಿ ಮಕ್ಕಳು ಕಿಕ್ಕಿರಿಯುವ ಕೊಳಕ್ಕೆ ಇನ್ನೂ ದೊಡ್ಡದಾದರೆ ಲೇಸು. ನೀರು ನಿಧಾನವಾಗಿ ಇಳಿದಷ್ಟೂ ಚೆನ್ನಾಗಿ ಸೋಸುತ್ತದೆ. ಪಂಪನ್ನು ಮಾತ್ರ ‘ಇರಲಿ’ ಎಂದು ದೊಡ್ಡದು ಕೊಳ್ಳಬೇಡಿರಿ. ಮಿತಿಮೀರಿದ ರಭಸ ಕೊಳೆಯನ್ನು ಮರಳಿನ ಮೂಲಕ ತೂರಿಸಿ ಮತ್ತೆ ಕೊಳಕ್ಕೇ ಅಟ್ಟುತ್ತದೆ.

ಫಿಲ್ಟರು ಬದಲಾಯಿಸಲೆಂದು ಕೊಳವನ್ನು ಬರಿದು ಮಾಡುವ ಅವಶ್ಯಕತೆಯೂ ಇಲ್ಲ. ವಾಲ್ವುಗಳನ್ನು ಮುಚ್ಚಿದರೆ ಸಾಕು. ಮಳೆಗಾಲದಲ್ಲಂತೂ ಬರಿದು ಮಾಡಲೇಬಾರದು. ನೆಲದಡಿಯ ನೀರು ಏರಿದಾಗ ಖಾಲಿ ಕೊಳವನ್ನು ಕೆಳಗಿನಿಂದ ದೋಣಿಯಂತೆ ಎತ್ತಿ ಬಿರುಕು ಬಿಡಿಸಬಲ್ಲುದು. ಕೊಳದಲ್ಲಿರುವ ನೀರಿನ ಭಾರವೇ ಅದನ್ನು ನೆಲಕ್ಕೆ ಒತ್ತಿ ಹಿಡಿದಿರುತ್ತದೆ.

ಕೋಣೆಯೊಳಗೆ ಎಚ್ಚರಿಕೆ

ಸೋರುವ ಫಿಲ್ಟರಿನ ಕೋಣೆ ಒದ್ದೆ ಕೋಣೆ. ಅಲ್ಲಿ ವಿದ್ಯುತ್ತಿನ ಮೋಟಾರೂ ಇದೆ, ಔಷಧಿಯ ಡಬ್ಬಗಳೂ ಇವೆ. ನೆಲದಲ್ಲಿ ನೀರು ನಿಂತಿದ್ದರೆ ಹೊರಗಿನ ಸ್ವಿಚ್ಚನ್ನು ಆರಿಸದೆ ಒಳಗೆ ಕಾಲಿಡಬಾರದು. ೩೦ ಮಿಲಿ ಆಂಪಿಯರ್ ಸೋರಿಕೆಗೇ ವಿದ್ಯುತ್ತನ್ನು ಕಡಿಯುವ ರಕ್ಷಕ ಸ್ವಿಚ್ಚು ಆ ಪಂಪಿಗೆ ಇದೆಯೋ ಇಲ್ಲವೋ ಇಂದೇ ನೋಡಿರಿ. ಇಲ್ಲದಿದ್ದರೆ ಗ್ಯಾಸ್ಕೆಟ್ಟಿಗಿಂತ ಮೊದಲು ಅದನ್ನು ತರಿಸಿರಿ. ಕ್ಲೋರಿನ್ ಪುಡಿಯ ಡಬ್ಬದ ಮೇಲೆ ಹನಿ ಬೀಳುವಂತಿರಬಾರದು. ಸ್ವಲ್ಪ ನೀರು ತಗುಲಿದರೆ ಆ ಪುಡಿ ಕಾದು ವಿಷದ ಅನಿಲ ಬಿಡುತ್ತದೆ. ಆಸಿಡ್ಡಿನ ಕ್ಯಾನಿಗೂ ಕ್ಲೋರಿನ್ನಿಗೂ ನಡುವೆ ಗೋಡೆಯೇ ಇರಲಿ. ಅವೆರಡು ಕೂಡಿದರೆ ಆ ಚಿಕ್ಕ ಕೋಣೆಯಲ್ಲಿ ಉಸಿರಾಡುವಂತಿಲ್ಲ.

ಇಷ್ಟೆಲ್ಲ ಶ್ರಮ ಒಂದು ಈಜುಕೊಳಕ್ಕಾಗಿಯೇ ಎಂದು ಕೇಳುವವರಿರಬಹುದು. ಆ ಮಾತಿನಲ್ಲಿ ನ್ಯಾಯವಿದೆ. ೨೦೧೯ರ ಜೂನ್ ತಿಂಗಳಲ್ಲಿ ಚೆನ್ನೈಗೆ ನೀರುಣಿಸುವ ಜಲಾಶಯಗಳು ಬತ್ತಿ ಜನ ಕೊಡ ಹಿಡಿದು ಸಾಲುಗಟ್ಟಿದುದನ್ನು ಅಲ್ಲಿಯ ನಮ್ಮ ಬಂಧುಗಳು ಮರೆತಿಲ್ಲ. ೨೦೨೪ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿ ಈಜುಕೊಳಗಳಿಗೆ ಕುಡಿಯುವ ನೀರು ತುಂಬಬಾರದೆಂದು ಆಜ್ಞೆ ಹೊರಡಿಸಿ, ತಪ್ಪಿದರೆ ೫,೦೦೦ ರೂಪಾಯಿ ದಂಡವೆಂದು ಸಾರಿತು. ಊರು ಬಾಯಾರಿದಾಗ ಕೊಳದ ನೀರು ನಮ್ಮದೆಂದು ಹೇಳಿಕೊಳ್ಳುವುದು ಕಷ್ಟ. ಕೊಳ ಇರಲಿ, ಮಕ್ಕಳು ಈಜಲಿ. ಈಜು ಬರುವ ಮಗು ಒಂದು ದಿನ ತನ್ನ ಪ್ರಾಣವನ್ನೋ ಇನ್ನೊಬ್ಬರ ಪ್ರಾಣವನ್ನೋ ಉಳಿಸೀತು. ಆದರೆ ಒಮ್ಮೆ ತುಂಬಿದ ನೀರನ್ನು ಸೋಸಿ ಸೋಸಿ ಕಾಪಾಡುವುದೇ ಕೊಳ ಇಟ್ಟುಕೊಳ್ಳುವ ಹಕ್ಕಿಗೆ ನಾವು ಕೊಡಬೇಕಾದ ಬೆಲೆ. ಬ್ಯಾಕ್‌ವಾಶ್ ಮಾಡುವಾಗಲೂ ಲೆಕ್ಕವಿರಲಿ: ಗಂಟೆಗೆ ೧೨ ಘನ ಮೀಟರಿನ ಪಂಪು ಮೂರು ನಿಮಿಷದಲ್ಲಿ ೬೦೦ ಲೀಟರನ್ನು ಮೋರಿಗೆ ಚೆಲ್ಲುತ್ತದೆ. ದಿನದ ರೂಢಿಯೆಂದು ಮಾಡದೆ, ಮಾಪಕದ ಮುಳ್ಳು ಶುಚಿಯಾದ ದಿನಕ್ಕಿಂತ ಅರ್ಧ ಕಿಲೋಗೂ ಸ್ವಲ್ಪ ಮೇಲೇರಿದಾಗ ಮಾತ್ರ ಮಾಡುವುದು ಸರಿ.

ಕೊನೆಯದಾಗಿ ಒಂದು ಸಲಹೆ. ಇದಕ್ಕೆ ದರಪಟ್ಟಿ ಬೇಡ, ಸಭೆಯ ಮಂಜೂರಾತಿಯೂ ಬೇಡ. ಒಂದು ನೋಟುಬುಕ್ಕಿಗೆ ದಾರ ಕಟ್ಟಿ, ಪೆನ್ಸಿಲ್ಲಿನೊಡನೆ ಪಂಪಿನ ಕೋಣೆಯ ಬಾಗಿಲಿಗೆ ತೂಗುಹಾಕಿರಿ. ಕೊಳ ನೋಡಿಕೊಳ್ಳುವವನು ದಿನವೂ ಮೂರು ಅಂಕಿ ಬರೆಯಲಿ: ತಾರೀಖು, ಮಾಪಕದ ಒತ್ತಡ, ಕೊಳದ ಮಟ್ಟ. ತಿಂಗಳಿಗೊಮ್ಮೆ ಕಾರ್ಯದರ್ಶಿಗಳು ಅದನ್ನು ಓದಿ ಸಹಿ ಹಾಕಲಿ, ಬರೆದವನೊಡನೆ ಎರಡು ಮಾತಾಡಲಿ. ಫಿಲ್ಟರು ಸೋರತೊಡಗಿದ ವಾರದಲ್ಲಿಯೇ ಆ ಪುಸ್ತಕ ಹೇಳುತ್ತದೆ. ಆಗ ಹೋಗುವುದು ಒಂದು ರಬ್ಬರ್ ಬಳೆ ಮಾತ್ರ.